ಒಂದು ಶಾರ್ಕ್ ಅಂದರೆ ಒಂದೇ, ಒಂದು ಅಣಬೆ ಅಂದರೆ ಎಷ್ಟು?

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳಿಗೆ ರಜೆ. ಆಗಸ್ಟ್‌ನಲ್ಲಿ ಬೋಟುಗಳು ಕಡಲಿಗಿಳಿದ ಮೇಲೆ, ಬಲೆಗೆ ಸಿಕ್ಕಿದ ಬಸ್ಸಿನಷ್ಟು ಉದ್ದದ ಚುಕ್ಕಿ ಮೀನಿನ, ಅಂದರೆ ತಿಮಿಂಗಿಲ ಶಾರ್ಕಿನ, ವಿಡಿಯೋ ಆಗಾಗ ಮೊಬೈಲಿಂದ ಮೊಬೈಲಿಗೆ ಓಡುತ್ತದೆ. ಅದೇ ದಿನಗಳಲ್ಲಿ ಘಟ್ಟದ ಬದಿಯ ಅಡಿಕೆ ತೋಟಗಳಲ್ಲಿ, ಮಳೆ ಕುಡಿದ ಮರದ ಬುಡದಿಂದ ವಾರ್ನಿಷ್ ಬಳಿದಂತೆ ಹೊಳೆಯುವ ಕಂದು ಅಣಬೆ ಹೊರಬರುತ್ತದೆ. ಕಡಲಿನವರ ಪ್ರಶ್ನೆ ಒಂದು: ಇಷ್ಟು ದೊಡ್ಡ ಮೀನು ಸಿಕ್ಕಿದರೂ ಬಲೆ ಕತ್ತರಿಸಿ ಬಿಡಬೇಕು ಅನ್ನುತ್ತಾರಲ್ಲ, ಯಾಕೆ? ತೋಟದವರದು ಇನ್ನೊಂದು: ಅಣಬೆಯನ್ನು ಬುಡಸಮೇತ ಕಿತ್ತು ಎಸೆದರೂ ಮರ ಸತ್ತಿತಲ್ಲ, ಪಕ್ಕದ ಮರಕ್ಕೂ ಹಿಡಿಯಿತಲ್ಲ, ಯಾಕೆ?

ಒಂದಕ್ಕೊಂದು ಸಂಬಂಧವೇ ಇಲ್ಲದಂತೆ ಕಾಣುವ ಈ ಎರಡು ಪ್ರಶ್ನೆಗಳಿಗೆ ಉತ್ತರ ಸಿಗುವುದು ಒಂದೇ ಕಡೆ. ಶಾರ್ಕಿನಲ್ಲಿ ಕಣ್ಣಿಗೆ ಕಂಡದ್ದೇ ಇಡೀ ಜೀವಿ. ಅಣಬೆಯಲ್ಲಿ ಕಂಡದ್ದು ಜೀವಿಯ ತೀರ ಸಣ್ಣ ತುಣುಕು. ಉಳಿಸುವ ಲೆಕ್ಕವೂ ಅಳಿಸುವ ಲೆಕ್ಕವೂ ಇದರ ಮೇಲೆಯೇ ನಿಂತಿದೆ.

ಹೆಸರಿನ ಗೊಂದಲ ಮೊದಲು ಬಿಡಿಸೋಣ

ತಿಮಿಂಗಿಲ ಶಾರ್ಕ್ ತಿಮಿಂಗಿಲವಲ್ಲ, ಮೀನು. ತುಳು ಮಾತಿನ ಮೀನುಗಾರರು ತಾಟೆ ಎಂದೂ ಕೊಂಕಣಿಯವರು ಮೋರಿ ಎಂದೂ ಕರೆಯುವ ಶಾರ್ಕ್ ಬಳಗದಲ್ಲೇ ಅತಿ ದೊಡ್ಡದು. ಜಗತ್ತಿನ ಮೀನುಗಳಲ್ಲೆಲ್ಲ ದೊಡ್ಡದೂ ಇದೇ. ಅರಬ್ಬೀ ಸಮುದ್ರದಲ್ಲಿ 2001ರಲ್ಲಿ ಸಿಕ್ಕಿದ ಒಂದು 18.8 ಮೀಟರ್ ಉದ್ದವಿತ್ತು ಎಂದು ದಾಖಲಾಗಿದೆ. ಸಾಮಾನ್ಯವಾಗಿ ಕಾಣುವಂಥವು 12 ಮೀಟರ್ ಒಳಗಿನವು. ತಿಮಿಂಗಿಲವೋ ಶಾರ್ಕೋ ಎಂದು ದಡದಲ್ಲಿ ನಿಂತು ಹೇಳಲು ಬಾಲ ನೋಡಿದರೆ ಸಾಕು. ನೆಟ್ಟಗೆ ನಿಂತ ಬಾಲವಾದರೆ ಮೀನು, ನೆಲಕ್ಕೆ ಚಪ್ಪಟೆಯಾಗಿ ಮಲಗಿದ ಬಾಲವಾದರೆ ತಿಮಿಂಗಿಲ. ಶಾರ್ಕಿಗೆ ಮೂಳೆಯೂ ಇಲ್ಲ. ಒಡಲಿನ ಹಂದರವೆಲ್ಲ ನಮ್ಮ ಹೊರಗಿವಿಯಲ್ಲಿರುವಂಥ ಮೃದ್ವಸ್ಥಿ.

ಇನ್ನು ಅಡಿಕೆಯ ಅಣಬೆ ರೋಗ. ಇದನ್ನು ತರುವ ಶಿಲೀಂಧ್ರದ ಕುಲ ಗ್ಯಾನೋಡರ್ಮಾ. ತೆಂಗಿಗೂ ಇದೇ ಕುಲದ ಕಾಟ. 1952ರಲ್ಲಿ ತಮಿಳುನಾಡಿನ ತಂಜಾವೂರು ಕಡೆ ಜೋರಾಗಿ ಕಾಣಿಸಿದ್ದರಿಂದ ತಂಜಾವೂರು ಸೊರಗು ರೋಗ ಎಂಬ ಹೆಸರೂ ಉಂಟು. ಕೊಳೆ ರೋಗಕ್ಕೂ ಇದಕ್ಕೂ ನಂಟಿಲ್ಲ. ಕೊಳೆ ರೋಗದ ಫೈಟಾಫ್ತೊರಾ ಮಳೆಯಲ್ಲಿ ಕಾಯಿಯನ್ನು ಕೊಳೆಸುತ್ತದೆ, ಮೇಲಾಗಿ ಅದು ನಿಜವಾದ ಶಿಲೀಂಧ್ರವೇ ಅಲ್ಲ. ಅಂಗಡಿಯಲ್ಲಿ ಔಷಧ ಕೇಳುವಾಗ ಇವೆರಡು ಅದಲುಬದಲಾಗುವುದುಂಟು, ಅದಕ್ಕೇ ಹೇಳಿದ್ದು.

ಅಚ್ಚರಿಯ ಸಂಗತಿ ಏನೆಂದರೆ, ಶಿಲೀಂಧ್ರಕ್ಕೆ ತಾನು ತಿನ್ನುವ ಅಡಿಕೆ ಮರಕ್ಕಿಂತ ಶಾರ್ಕೇ ಹತ್ತಿರದ ನೆಂಟ. ಶಿಲೀಂಧ್ರಗಳೂ ಪ್ರಾಣಿಗಳೂ ಜೀವವೃಕ್ಷದ ಒಂದೇ ದೊಡ್ಡ ಕೊಂಬೆಯಿಂದ ಒಡೆದವು. ಸಸ್ಯಗಳು ಅದಕ್ಕೂ ಮೊದಲೇ ಬೇರೆಯಾಗಿದ್ದವು. ಶಿಲೀಂಧ್ರಕ್ಕೆ ಹಸಿರಿಲ್ಲ, ಬಿಸಿಲಿನಲ್ಲಿ ಅಡುಗೆ ಮಾಡಿಕೊಳ್ಳಲು ಬರುವುದಿಲ್ಲ. ಪ್ರಾಣಿಗಳ ಹಾಗೆ ಇನ್ನೊಬ್ಬರು ಮಾಡಿಟ್ಟದ್ದನ್ನೇ ತಿನ್ನಬೇಕು. ಅದರ ಜೀವಕೋಶದ ಗೋಡೆಯಲ್ಲಿರುವ ಕೈಟಿನ್ ಎಂಬ ವಸ್ತುವೇ ಸಿಗಡಿಯ ಚಿಪ್ಪಿನಲ್ಲೂ ಇದೆ.

ನುಂಗಿ ಅರಗಿಸುವುದು, ಅರಗಿಸಿ ಹೀರುವುದು

ತಿಮಿಂಗಿಲ ಶಾರ್ಕಿನ ಬಾಯಿಯಲ್ಲಿ ಸುಮಾರು 3,000 ಹಲ್ಲುಗಳಿವೆ, ಒಂದೊಂದೂ ಅಕ್ಕಿಕಾಳಿನಷ್ಟು. ಕಚ್ಚಲು ಅವು ಬಳಕೆಯಾಗುವುದೇ ಇಲ್ಲ. ಮೀಟರಿಗೂ ಅಗಲವಾದ ಬಾಯಿ ತೆರೆದು ಈಜುತ್ತಾ ನೀರನ್ನು ಒಳಗೆ ಬಿಟ್ಟುಕೊಂಡು ಕಿವಿರುಗಳಿಂದ ಹೊರಹಾಕುತ್ತದೆ. ನಡುವೆ ಸ್ಪಂಜಿನಂಥ 20 ಸೋಸು ಹಲಗೆಗಳು ಸಣ್ಣ ಸಿಗಡಿಯಂಥ ತೇಲುಜೀವಿ, ಮೀನಿನ ಮೊಟ್ಟೆ, ಮರಿಮೀನುಗಳನ್ನು ತಡೆದು ಉಳಿಸಿಕೊಳ್ಳುತ್ತವೆ. ಸುಮಾರು 6.2 ಮೀಟರ್ ಉದ್ದದ ಶಾರ್ಕೊಂದು ಗಂಟೆಗೆ 600 ಘನ ಮೀಟರಿಗೂ ಹೆಚ್ಚು ನೀರು ಸೋಸುತ್ತದೆ ಎಂದು ಲೆಕ್ಕ ಹಾಕಿದ್ದಾರೆ. ಊರಿಗೆ ನೀರು ತರುವ 6,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ಅದು ಗಂಟೆಗೆ 100 ಟ್ಯಾಂಕರ್.

ಚಹಾ ಸೋಸುವ ಜರಡಿಯಾದರೆ ಇಷ್ಟು ಹೊತ್ತಿಗೆ ಕಟ್ಟಿಕೊಳ್ಳುತ್ತಿತ್ತು. ಶಾರ್ಕಿನ ಜರಡಿ ನೀರಿನ ಹರಿವಿಗೆ ಅಡ್ಡವಾಗಿಲ್ಲ, ಬಹುಮಟ್ಟಿಗೆ ಅದರ ಪಕ್ಕಕ್ಕೆ ಹಾಸಿಕೊಂಡಿದೆ. ನೀರು ಬದಿಗೆ ಜಾರಿ ಹೋಗುತ್ತದೆ, ತಿನ್ನುವ ವಸ್ತು ಮೇಲ್ಮೈಯಲ್ಲಿ ಉರುಳುತ್ತಾ ಗಂಟಲಿನ ಕಡೆ ಸೇರುತ್ತದೆ. ಕಸ ಸಿಕ್ಕಿಕೊಂಡರೆ ಕೆಮ್ಮಿದಂತೆ ನೀರನ್ನು ಹಿಂದಕ್ಕೆ ತಳ್ಳಿ ತೊಳೆದುಕೊಳ್ಳುತ್ತದೆ.

ಶಿಲೀಂಧ್ರದ್ದು ತಿರುಗುಮುರುಗು ಸಂಸಾರ. ಬಾಯಿಯಿಲ್ಲ, ಹೊಟ್ಟೆಯಿಲ್ಲ. ಕೂದಲಿಗಿಂತ ಎಷ್ಟೋ ಪಾಲು ತೆಳುವಾದ ಎಳೆಗಳು ಮರದೊಳಕ್ಕೆ ನುಗ್ಗಿ, ಕಿಣ್ವಗಳನ್ನು ಹೊರಗೆ ಸುರಿದು, ಮರ ಕರಗಿದ ಮೇಲೆ ಆ ರಸವನ್ನು ಹೀರುತ್ತವೆ. ಅಂದರೆ ಊಟದ ಒಳಗೇ ವಾಸ.

ಮರ ಕರಗುವುದು ಹೇಗೆ ಎಂದು ತಿಳಿಯಲು ಹಳೆಯ ಮಣ್ಣಿನ ಗೋಡೆಯನ್ನು ನೆನೆಯಿರಿ. ಮಣ್ಣಿಗೆ ಹುಲ್ಲು ಕಲಸಿ ತುಳಿದು ಗೋಡೆ ಎಬ್ಬಿಸುತ್ತಿದ್ದರು. ಮರದಲ್ಲಿ ಹುಲ್ಲಿನ ಜಾಗದಲ್ಲಿರುವ ನಾರು ಸೆಲ್ಯುಲೋಸ್, ಅದನ್ನು ಹಿಡಿದಿಡುವ ಮಣ್ಣಿನ ಜಾಗದಲ್ಲಿರುವುದು ಲಿಗ್ನಿನ್. ಕೆಲವು ಶಿಲೀಂಧ್ರಗಳು ಹುಲ್ಲನ್ನು ಮಾತ್ರ ತಿನ್ನುತ್ತವೆ. ಉಳಿಯುವುದು ಮುಟ್ಟಿದರೆ ಚೌಕ ಚೌಕವಾಗಿ ಪುಡಿಯಾಗುವ ಕಂದು ಮರ. ಇದಕ್ಕೆ ಕಂದು ಕೊಳೆ ಎನ್ನುತ್ತಾರೆ. ಗ್ಯಾನೋಡರ್ಮಾ ಬಿಳಿ ಕೊಳೆಯ ಗುಂಪಿನದು. ಮಣ್ಣನ್ನೂ ಕರಗಿಸುತ್ತದೆ, ಹುಲ್ಲನ್ನೂ ತಿನ್ನುತ್ತದೆ. ಕೊನೆಗೆ ಕೈಗೆ ಸಿಗುವುದು ಬಿಳಚಿದ, ಒದ್ದೆ, ನಾರುನಾರಾದ ತಿರುಳು. ಲಿಗ್ನಿನ್‌ಗೆ ಹೆಚ್ಚಿನ ಜೀವಿಗಳು ಕೈಹಾಕಲಾರವು. ಲ್ಯಾಕೇಸ್, ಪೆರಾಕ್ಸಿಡೇಸ್ ಎಂಬ ಕಿಣ್ವಗಳಿರುವುದರಿಂದ ಇದಕ್ಕೆ ಸಾಧ್ಯವಾಗಿದೆ. ಕಾಡಿನಲ್ಲಿ ಬಿದ್ದ ಮರ ಮತ್ತೆ ಮಣ್ಣಾಗುವುದು ಇಂಥವುಗಳಿಂದಲೇ. ಅಲ್ಲಿ ಅದು ಕೆಲಸಗಾರ, ತೋಟದಲ್ಲಿ ಕಳ್ಳ.

ಅಡಿಕೆ, ತೆಂಗಿಗೆ ಏಟು ಯಾಕೆ ಜೋರು

ಮಾವು, ಹಲಸಿನ ಕಾಂಡದಲ್ಲಿ ತೊಗಟೆಯ ಒಳಗೆ ಬೆಳೆಯುವ ಪದರವೊಂದಿದೆ. ಒಳಗಿನ ತಿರುಳು ಟೊಳ್ಳಾದರೂ ಆ ಪದರ ವರ್ಷವರ್ಷವೂ ಹೊಸ ಮರ ಕಟ್ಟುತ್ತದೆ. ಪೊಟರೆ ಬಿದ್ದ ಹಲಸಿನ ಮರ ದಶಕಗಟ್ಟಲೆ ಕಾಯಿ ಬಿಡುವುದು ಹೀಗೆ. ಅಡಿಕೆ, ತೆಂಗಿಗೆ ಆ ಪದರವಿಲ್ಲ. ನೀರು ಒಯ್ಯುವ ನಾಳಗಳು ಕಾಂಡದ ತುಂಬ ಕಂತೆಕಂತೆಯಾಗಿ ಹರಡಿವೆ, ಒಮ್ಮೆ ಹಾಳಾದವಕ್ಕೆ ಬದಲಿ ಬರುವುದಿಲ್ಲ. ಬುಡದ ಕಂತೆಗಳು ಕರಗುತ್ತಾ ಬಂದಂತೆ ತಲೆಗೆ ನೀರು ಕಡಿಮೆಯಾಗುತ್ತದೆ.

ಹಾಗಾಗಿಯೇ ಮೊದಲ ಲಕ್ಷಣ ಬುಡದಲ್ಲಿ ಕಾಣುವುದಿಲ್ಲ, ತಲೆಯಲ್ಲಿ ಕಾಣುತ್ತದೆ. ಹೊರಸುತ್ತಿನ ಸೋಗೆಗಳು ಹಳದಿಯಾಗಿ ಕಾಂಡಕ್ಕೆ ಅಂಟಿದಂತೆ ಜೋತುಬೀಳುತ್ತವೆ. ನೋಡಿದವರು ನೀರು ಸಾಲದಾಗಿದೆ ಎಂದು ಇನ್ನಷ್ಟು ನೀರು ಬಿಡುತ್ತಾರೆ. ಇದು ಸಾಮಾನ್ಯವಾಗಿ ಆಗುವ ತಪ್ಪು, ಏಕೆಂದರೆ ನೀರು ನಿಂತ ಬುಡ ರೋಗಕ್ಕೆ ಇನ್ನಷ್ಟು ಅನುಕೂಲ. ಆಮೇಲೆ ಒಳಸುತ್ತಿನ ಸೋಗೆಗಳು ಬಾಡುತ್ತವೆ, ಬುಡದಲ್ಲಿ ಕಂದು ಕಲೆಗಳೆದ್ದು ಅಂಟುರಸ ಒಸರುತ್ತದೆ. ತೆಂಗಿನಲ್ಲಿ ಈ ಕೆಂಗಂದು ರಸ ಎದ್ದು ಕಾಣುತ್ತದೆ. ಅಗೆದು ನೋಡಿದರೆ ಬೇರುಗಳು ಕೊಳೆತಿರುತ್ತವೆ. ಅಣಬೆ ಹೊರಬರುವುದು ಬಹುಮಟ್ಟಿಗೆ ಇದೆಲ್ಲ ಆದ ಮೇಲೆ, ಕೆಲವು ಮರಗಳಲ್ಲಿ ಬರುವುದೇ ಇಲ್ಲ.

ಆ ಅಣಬೆ ಏನು ಹಾಗಾದರೆ? ಹಣ್ಣು, ಅಷ್ಟೇ. ಅದನ್ನು ಕಿತ್ತು ರೋಗ ತೆಗೆದೆ ಎನ್ನುವುದು, ಮಾವಿನಹಣ್ಣು ಕೊಯ್ದು ಮರ ಕಡಿದೆ ಎಂದ ಹಾಗೆ. ಮರ ಇರುವುದು ಅಡಿಕೆಯ ಬುಡದೊಳಗೆ, ಬೇರಿನೊಳಗೆ, ಹಿಂದಿನ ವರ್ಷ ಕಡಿದು ಬಿಟ್ಟ ಬೊಡ್ಡೆಯೊಳಗೆ.

ಮುನ್ನೂರು ಮರಿ, ಮೂರು ಸಾವಿರ ಕೋಟಿ ಬೀಜಕ

1995ರಲ್ಲಿ ತೈವಾನಿನಲ್ಲಿ ಹಿಡಿದ 10.6 ಮೀಟರ್ ಉದ್ದದ ಹೆಣ್ಣು ತಿಮಿಂಗಿಲ ಶಾರ್ಕಿನ ಹೊಟ್ಟೆಯಲ್ಲಿ ಸುಮಾರು 300 ಮರಿಗಳಿದ್ದವು. ಮೊಟ್ಟೆ ಒಡಲಲ್ಲೇ ಒಡೆದು ಮರಿಯಾಗಿ ಹೊರಬರುವ ಜಾತಿ ಇದು ಎಂದು ಖಚಿತವಾದದ್ದು ಆಗಲೇ. ಬೇರೆಬೇರೆ ಬೆಳವಣಿಗೆಯ ಹಂತದಲ್ಲಿದ್ದ ಆ ಮರಿಗಳಲ್ಲಿ 29ರ ವಂಶವಾಹಿ ಪರೀಕ್ಷಿಸಿದಾಗ ಅವಕ್ಕೆಲ್ಲ ತಂದೆ ಒಂದೇ ಎಂದು 2010ರಲ್ಲಿ ತಿಳಿಯಿತು.

ಶಾರ್ಕುಗಳ ಮಟ್ಟಿಗೆ 300 ಬಹಳ ದೊಡ್ಡ ಸಂಖ್ಯೆ. ಆದರೂ ಈ ಜಾತಿ ಅಪಾಯದಲ್ಲಿರುವುದು ಯಾಕೆ? ಹುಟ್ಟುವಾಗ ಅರ್ಧ ಮೀಟರ್ ಆಸುಪಾಸಿನ ಮರಿಗಳನ್ನು ದೊಡ್ಡ ಮೀನುಗಳು ತಿಂದು ಹಾಕುತ್ತವೆ. ಉಳಿದವು ಪ್ರಾಯಕ್ಕೆ ಬರಲು ಕಾಲು ಶತಮಾನದಷ್ಟು ಕಾಯಬೇಕು. ಅಡಿಕೆ ಸಸಿ ನೆಟ್ಟವರು ಫಸಲಿಗೆ ಐದಾರು ವರ್ಷ ಕಾಯುತ್ತಾರೆ. 25 ವರ್ಷ ಕಾಯುವ ತೋಟದಲ್ಲಿ ವರ್ಷಕ್ಕೆ ನಾಲ್ಕು ಮರ ಕದ್ದರೂ ತೋಟ ಉಳಿಯುತ್ತದೆಯೇ, ಲೆಕ್ಕ ಹಾಕಿ. ಬಲೆಗೆ ಬೀಳುವುದು, ಹಡಗು ಬಡಿಯುವುದು ದೊಡ್ಡವಕ್ಕೇ ಹೆಚ್ಚಾದರೆ ಹೋಗುವುದು ಕಾದು ಕಾದು ಫಸಲಿಗೆ ಬಂದವೇ.

ವಯಸ್ಸು ಹೇಳುವುದೂ ಸುಲಭವಿಲ್ಲ. ಬೆನ್ನಿನ ಮಣಿಗಳಲ್ಲಿ ಮರದ ಉಂಗುರಗಳಂಥ ಪಟ್ಟಿಗಳಿವೆ, ಆದರೆ ಅವು ವರ್ಷಕ್ಕೊಂದೋ ಎರಡೋ ಎಂಬ ಜಗಳ ಬಹುಕಾಲ ಇತ್ತು. 1950, 60ರ ದಶಕಗಳ ಅಣುಬಾಂಬ್ ಪರೀಕ್ಷೆಗಳಿಂದ ಸಮುದ್ರಕ್ಕೆ ಸೇರಿದ ವಿಕಿರಣಶೀಲ ಇಂಗಾಲವನ್ನು ಗಡಿಯಾರದಂತೆ ಬಳಸಿ, ಪಟ್ಟಿ ವರ್ಷಕ್ಕೊಂದೇ ಎಂದು 2020ರಲ್ಲಿ ತೋರಿಸಿದರು. ಪಾಕಿಸ್ತಾನದ ಕಡಲಿನ 10 ಮೀಟರ್ ಶಾರ್ಕೊಂದಕ್ಕೆ ಹಾಗೆ ಸಿಕ್ಕ ವಯಸ್ಸು 50.

ಗ್ಯಾನೋಡರ್ಮಾ ಕಡೆ ಬನ್ನಿ. ಇದೇ ಕುಲದ, ಗಟ್ಟಿ ತಟ್ಟೆಯಂಥ ಅಣಬೆ ಬಿಡುವ ಇನ್ನೊಂದು ಜಾತಿಯ ಬಗ್ಗೆ ಹಳೆಯ ಪ್ರಸಿದ್ಧ ಅಂದಾಜೊಂದಿದೆ: ದೊಡ್ಡ ಅಣಬೆಯೊಂದು ದಿನಕ್ಕೆ 3,000 ಕೋಟಿ ಬೀಜಕಗಳನ್ನು (ಬೀಜದ ಕೆಲಸ ಮಾಡುವ ಧೂಳಿನಂಥ ಕಣಗಳನ್ನು) ಉದುರಿಸುತ್ತದೆ, ಅದೂ ತಿಂಗಳುಗಟ್ಟಲೆ. ಅಣಬೆಯ ಅಡಿಭಾಗದ ಬಿಳಿ ಮೇಲ್ಮೈಯನ್ನು ಭೂತಗನ್ನಡಿಯಲ್ಲಿ ನೋಡಿದರೆ ಸೂಜಿಮೊನೆಯಷ್ಟು ರಂಧ್ರಗಳು ಕಾಣುತ್ತವೆ. ಅವು ಬೀಜಕಗಳ ಬಾಗಿಲು. ಪಕ್ಕದ ಎಲೆಗಳ ಮೇಲೆ ಕೋಕೋ ಪುಡಿ ಉದುರಿದಂತೆ ಕಂಡರೆ ಅದು ಬೀಜಕದ ರಾಶಿ. ಬಹುತೇಕ ಎಲ್ಲವೂ ವ್ಯರ್ಥವಾಗುತ್ತವೆ. ಒಂದು ಬೀಜಕ ಸೂಕ್ತ ಮರದ ಗಾಯದ ಮೇಲೆ ಬೀಳಬೇಕು, ಮೊಳೆಯಬೇಕು, ಹೊಂದುವ ಇನ್ನೊಂದು ಬೀಜಕದ ಎಳೆ ಪಕ್ಕದಲ್ಲೇ ಸಿಗಬೇಕು. ಆದರೆ ಕಳೆದುಕೊಳ್ಳಲು ಅದಕ್ಕೆ ಬೇಕಾದಷ್ಟಿದೆ. ತೋಟದೊಳಗೆ ಹರಡಲು ಬೀಜಕವೇ ಬೇಕೆಂದೂ ಇಲ್ಲ. ಕಾಯಿಲೆ ಮರದ ಬೇರು ಪಕ್ಕದ ಮರದ ಬೇರಿಗೆ ತಾಗಿದರೆ ಎಳೆಗಳು ದಾಟಿಕೊಳ್ಳುತ್ತವೆ.

ಅಳಿವಿನಂಚು ಎಂಬುದಕ್ಕೆ ಅಳತೆ ಉಂಟು

ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ಒಂದು ಮುಖ್ಯ ಮಾನದಂಡ ಹೀಗಿದೆ: 10 ವರ್ಷ ಅಥವಾ ಮೂರು ತಲೆಮಾರು, ಯಾವುದು ದೀರ್ಘವೋ ಅಷ್ಟು ಅವಧಿಯಲ್ಲಿ ಸಂಖ್ಯೆ ಎಷ್ಟು ಕುಸಿಯಿತು? ಶೇ 30 ದಾಟಿದರೆ ದುರ್ಬಲ ಸ್ಥಿತಿ, ಶೇ 50 ದಾಟಿದರೆ ಅಪಾಯದ ಸ್ಥಿತಿ, ಶೇ 80 ದಾಟಿದರೆ ತೀವ್ರ ಅಪಾಯ. ತಿಮಿಂಗಿಲ ಶಾರ್ಕಿನ ತಲೆಮಾರು 25 ವರ್ಷ, ಮೂರು ಸೇರಿ 75. ಅಷ್ಟರಲ್ಲಿ ಜಗತ್ತಿನಾದ್ಯಂತ ಅರ್ಧಕ್ಕೂ ಹೆಚ್ಚು ಕಡಿಮೆಯಾಗಿವೆ ಎಂದು 2016ರಲ್ಲಿ ಇದನ್ನು ಎರಡನೆಯ ಗುಂಪಿಗೆ ಸೇರಿಸಿದರು.

ಭಾರತದಲ್ಲಿ ಮುಖ್ಯ ಕಥೆ ಗುಜರಾತಿನ ವೆರಾವಲ್ ಕಡೆಯದು. ಲಿವರಿನ ಎಣ್ಣೆಯನ್ನು ಮರದ ದೋಣಿಗೆ ನೀರು ಹಿಡಿಯದಂತೆ ಬಳಿಯಲು ಬಳಸುತ್ತಿದ್ದರು. ಆಮೇಲೆ ಮಾಂಸ, ರೆಕ್ಕೆಗಳಿಗೆ ಹೊರದೇಶದ ಬೇಡಿಕೆ ಬಂದು ವರ್ಷಕ್ಕೆ ನೂರಾರು ಬಲಿಯಾದವು. 2001ರ ಮೇ ತಿಂಗಳಲ್ಲಿ ಇದು ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಪರಿಚ್ಛೇದಕ್ಕೆ ಸೇರಿತು, ಅಂದರೆ ಹುಲಿ, ಆನೆಗಳ ಸಾಲಿಗೆ. ಕೊಂದರೆ, ಮಾರಿದರೆ 3ರಿಂದ 7 ವರ್ಷ ಜೈಲು. 2022ರ ತಿದ್ದುಪಡಿಯ ಮೇಲೆ ದಂಡ 25,000 ರೂಪಾಯಿಗೆ ಕಡಿಮೆಯಿಲ್ಲ.

ಬೇಟೆ ನಿಂತರೂ ಹಡಗಿನ ಅಪಾಯ ನಿಂತಿಲ್ಲ. ಸುಮಾರು 350 ಶಾರ್ಕುಗಳಿಗೆ ಗುರುತುಯಂತ್ರ ಕಟ್ಟಿ ಹಿಂಬಾಲಿಸಿದಾಗ, ಅವು ಓಡಾಡುವ ಜಾಗದ ಶೇ 92ರಷ್ಟು ದೊಡ್ಡ ಹಡಗುಗಳ ಹಾದಿಯ ಮೇಲೇ ಬೀಳುತ್ತದೆ ಎಂದು 2022ರಲ್ಲಿ ಪ್ರಕಟವಾಯಿತು. ಇವು ಆಹಾರಕ್ಕಾಗಿ ನೀರಿನ ಮೇಲ್ಪದರದಲ್ಲಿ ನಿಧಾನವಾಗಿ ತೇಲುತ್ತವೆ. ಸತ್ತರೆ ಮುಳುಗುತ್ತವೆ, ಹಾಗಾಗಿ ಡಿಕ್ಕಿಯಾದದ್ದು ಹಡಗಿನವರಿಗೂ ತಿಳಿಯುವುದಿಲ್ಲ.

ಬಲೆಗೆ ಬಿದ್ದರೆ

ಬೋಟಿಗೆ ಎಳೆಯಬಾರದು, ಬಾಲಕ್ಕೆ ಹಗ್ಗ ಕಟ್ಟಿ ದಡಕ್ಕೆ ತರಬಾರದು. ಕಾರಣ ಶರೀರದಲ್ಲೇ ಇದೆ. ನಮ್ಮ ಪಕ್ಕೆಲುಬಿನ ಹಾಗೆ ಒಳಾಂಗಗಳನ್ನು ಕಾಯುವ ಗಟ್ಟಿ ಗೂಡು ಶಾರ್ಕಿಗಿಲ್ಲ. ನೀರು ಹೊತ್ತುಕೊಂಡಿದ್ದ ಟನ್‌ಗಟ್ಟಲೆ ತೂಕ ನೆಲ ಮುಟ್ಟಿದ ಕೂಡಲೇ ಒಳಾಂಗಗಳ ಮೇಲೆ ಕುಸಿಯುತ್ತದೆ. ಬಾಲ ಮುಂದಾಗಿ ಎಳೆದರೆ ಕಿವಿರಿನ ಮೇಲೆ ನೀರು ಸರಿಯಾಗಿ ಹರಿಯದೆ ಉಸಿರುಗಟ್ಟುತ್ತದೆ. ಆದ್ದರಿಂದ ಅದು ನೀರಿನಲ್ಲೇ ಇರಬೇಕು, ತಲೆ ಮುಳುಗಿರಬೇಕು. ಎಂಜಿನ್ ನಿಲ್ಲಿಸಿ, ಮೊದಲು ಕಿವಿರಿನ ಸುತ್ತಲಿನ ಬಲೆ, ಆಮೇಲೆ ಎದೆಯ ರೆಕ್ಕೆ, ಕೊನೆಗೆ ಬಾಲ ಬಿಡಿಸುವುದು ಒಳ್ಳೆಯದು. ಬಾಲದ ಒಂದು ಬೀಸಿಗೆ ಸಣ್ಣ ದೋಣಿ ಮಗುಚಬಹುದು, ಹಾಗಾಗಿ ಆ ಬದಿಯಲ್ಲಿ ಯಾರೂ ನಿಲ್ಲಬಾರದು.

ಬಲೆಯ ಬೆಲೆ? ಪರ್ಸೀನ್ ಬಲೆಯಾದರೆ ನಷ್ಟ ಸಣ್ಣದಲ್ಲ, ಇದನ್ನು ಬಿಟ್ಟು ಬರೀ ಕಾಯಿದೆ ಹೇಳಿದರೆ ಮೀನುಗಾರರು ಒಪ್ಪುವುದೂ ಇಲ್ಲ. ಗುಜರಾತಿನಲ್ಲಿ ಬಿಡುಗಡೆಯ ಫೋಟೊ ತೋರಿಸಿದವರಿಗೆ ಅರಣ್ಯ ಇಲಾಖೆ 25,000 ರೂಪಾಯಿವರೆಗೆ ಪರಿಹಾರ ಕೊಡುವ ಪದ್ಧತಿ ತಂದದ್ದು ಅದಕ್ಕೇ.

ಬುಡದಲ್ಲಿ ಅಣಬೆ ಕಂಡರೆ

ಕೊನೆಯ ಹಂತದ ಮರ ಉಳಿಯುವುದಿಲ್ಲ. ಕಡಿಯುವುದು ಸರಿ, ಆದರೆ ಬೊಡ್ಡೆ ಬಿಟ್ಟರೆ ಊಟ ಬಡಿಸಿಟ್ಟಂತೆ. ಬುಡ, ಬೇರು ಅಗೆದು ತೆಗೆದು ಅಲ್ಲೇ ಸುಡಬೇಕು. ದಿಮ್ಮಿಯನ್ನು ತೋಟದ ದಾರಿಗೆ ಸಂಕ ಹಾಕುವುದು, ಸೌದೆಗೆಂದು ಬೇರೆ ಮರದ ಪಕ್ಕ ಒಟ್ಟುವುದು ಬೇಡ. ರೋಗದ ಮರದ ಸುತ್ತ, ಬುಡದಿಂದ ಮೂರಡಿ ಬಿಟ್ಟು, 60 ಸೆಂಟಿಮೀಟರ್ ಆಳ, 30 ಸೆಂಟಿಮೀಟರ್ ಅಗಲದ ಕಂದಕ ತೆಗೆದರೆ ಬೇರಿಗೆ ಬೇರು ತಾಗುವುದು ತಪ್ಪುತ್ತದೆ. ಕಂದಕದ ಮಣ್ಣು ಒಳಬದಿಗೆ ಬೀಳಲಿ. ಅದರ ನೀರು ಆರೋಗ್ಯವಂತ ಮರಗಳ ಕಡೆ ಹರಿದರೆ ಕಂದಕವೇ ರೋಗದ ರಸ್ತೆಯಾಗುತ್ತದೆ. ಬಸಿಗಾಲುವೆ ಸರಿಯಿಲ್ಲದ ತೋಟದಲ್ಲಿ ಮಿಕ್ಕ ಉಪಚಾರ ಫಲ ಕೊಡುವುದು ಕಷ್ಟ.

ಸುತ್ತಲಿನ ಮರಗಳಿಗೆ ಬೇವಿನ ಹಿಂಡಿ: ಅಡಿಕೆಗೆ ವರ್ಷಕ್ಕೆ 2 ಕೆ.ಜಿ., ತೆಂಗಿಗೆ 5 ಕೆ.ಜಿ. ತೆಂಗಿನ ಹಿಂಡಿಗೆ 50 ಗ್ರಾಂ ಟ್ರೈಕೋಡರ್ಮಾ ಬೆರೆಸುತ್ತಾರೆ. ಟ್ರೈಕೋಡರ್ಮಾ ಕೂಡ ಶಿಲೀಂಧ್ರವೇ; ಗ್ಯಾನೋಡರ್ಮಾದ ಎಳೆಗೆ ಸುತ್ತಿಕೊಂಡು ಅದನ್ನೇ ತಿನ್ನುತ್ತದೆ. ಇದನ್ನು ಹಾಕಿದ ಬುಡಕ್ಕೆ ಕೂಡಲೇ ಶೇ 1ರ ಬೋರ್ಡೋ ದ್ರಾವಣ ಸುರಿದರೆ ದ್ರಾವಣದಲ್ಲಿರುವ ಮೈಲುತುತ್ತು ಟ್ರೈಕೋಡರ್ಮಾವನ್ನೂ ಕೊಲ್ಲುತ್ತದೆ, ಹಾಕಿದ ದುಡ್ಡು ಹೋಯಿತು. ತೆಂಗಿಗೆ ಆರಂಭದ ಹಂತದಲ್ಲಿ, ಪೆನ್ಸಿಲ್ ಗಾತ್ರದ ಹಸಿ ಬೇರನ್ನು ಓರೆಯಾಗಿ ಕತ್ತರಿಸಿ, 100 ಮಿಲಿಲೀಟರ್ ನೀರಿಗೆ 2 ಮಿಲಿಲೀಟರ್ ಹೆಕ್ಸಕೊನಜೋಲ್ ಎಂಬ ಶಿಲೀಂಧ್ರನಾಶಕ ಬೆರೆಸಿದ ಪ್ಲಾಸ್ಟಿಕ್ ಚೀಲದಲ್ಲಿ ಅದ್ದಿ ಕಟ್ಟುವ ಕ್ರಮವಿದೆ, ಮೂರು ತಿಂಗಳಿಗೊಮ್ಮೆ. ಮರುದಿನಕ್ಕೂ ಚೀಲ ಖಾಲಿಯಾಗದಿದ್ದರೆ ಆ ಬೇರು ಸತ್ತದ್ದು, ಇನ್ನೊಂದನ್ನು ಹುಡುಕಿ. ಹಳೆಯ ಕೈಪಿಡಿಗಳಲ್ಲಿರುವ ಇನ್ನೊಂದು ಶಿಲೀಂಧ್ರನಾಶಕ ಟ್ರೈಡೆಮಾರ್ಫ್ 2018ರಲ್ಲೇ ನಿಷೇಧವಾಗಿದೆ.

ಎಣಿಸುವುದು ಹೇಗೆ

ತಿಮಿಂಗಿಲ ಶಾರ್ಕಿನ ಮೈಮೇಲಿನ ಬಿಳಿ ಚುಕ್ಕಿಗಳು ನಮ್ಮ ಬೆರಳಚ್ಚಿನ ಹಾಗೆ, ಒಂದರಂತೆ ಇನ್ನೊಂದಿಲ್ಲ. ಎಡಗಡೆ, ಕೊನೆಯ ಕಿವಿರಿನ ಹಿಂದಿನ ಭಾಗದ ಫೋಟೊ ಸಿಕ್ಕರೆ, ಆಕಾಶದ ನಕ್ಷತ್ರಗಳನ್ನು ಹೋಲಿಸಲು ಖಗೋಳಶಾಸ್ತ್ರಜ್ಞರು ಮಾಡಿಕೊಂಡಿದ್ದ ಗಣಿತದಿಂದಲೇ ಕಂಪ್ಯೂಟರ್ ಇದು ಹೊಸದೋ ಹಳೆಯದೋ ಎಂದು ಹೇಳುತ್ತದೆ. ಈ ವಿಧಾನ ಬಂದದ್ದು 2005ರಲ್ಲಿ. ಬಲೆಯಿಂದ ಬಿಡಿಸುವಾಗ ಎಡಗಡೆಯ ಒಂದು ಫೋಟೊ ತೆಗೆದಿಟ್ಟರೆ ಅದು ಪುರಾವೆಯೂ ಆಯಿತು, ಗಣತಿಯೂ ಆಯಿತು.

ಶಿಲೀಂಧ್ರಕ್ಕೆ ಚುಕ್ಕಿಯಿಲ್ಲ. ಎರಡು ಮರಗಳಿಂದ ಎಳೆ ತೆಗೆದು ಒಂದೇ ಗಾಜಿನ ತಟ್ಟೆಯಲ್ಲಿ ಬೆಳೆಸುತ್ತಾರೆ. ಎರಡೂ ಸೇರಿ ಒಂದಾದರೆ ಅವು ಒಂದೇ ಜೀವಿ; ನಡುವೆ ಗಡಿಗೆರೆ ಮೂಡಿದರೆ ಬೇರೆಬೇರೆ. ಮಲೇಷ್ಯಾದ ತಾಳೆ ತೋಟಗಳಲ್ಲಿ ಹೀಗೆ ನೋಡಿದಾಗ ಅಕ್ಕಪಕ್ಕದ ಮರಗಳಲ್ಲೂ ಬೇರೆಬೇರೆ ಗ್ಯಾನೋಡರ್ಮಾ ಸಿಕ್ಕಿದವು. ಬೇರಿನ ಜೊತೆ ಬೀಜಕಗಳಿಗೂ ಪಾತ್ರವಿದೆ ಎಂಬ ಅನುಮಾನ ಬಲವಾದದ್ದು ಇದರಿಂದ.

ಮರ ಕೊಳೆಸುವ ಶಿಲೀಂಧ್ರಗಳೆಲ್ಲ ಗ್ಯಾನೋಡರ್ಮಾದಷ್ಟು ಗಟ್ಟಿಗರೂ ಅಲ್ಲ. ಹಳೆಯ ಕಾಡಿನ ದೊಡ್ಡ ದಿಮ್ಮಿ ಬಿಟ್ಟರೆ ಬೇರೆಡೆ ಬದುಕದವು ಇವೆ. ದಿಮ್ಮಿಗಳನ್ನು ಸಾಗಿಸಿದ ಕಾಡುಗಳಲ್ಲಿ ಅವೂ ಮಾಯವಾಗುತ್ತಿವೆ. 2025ರ ಮಾರ್ಚ್‌ನಲ್ಲಿ ಕೆಂಪು ಪಟ್ಟಿಯಲ್ಲಿ ಶಿಲೀಂಧ್ರಗಳ ಸಂಖ್ಯೆ ಸುಮಾರು 1,300 ಮುಟ್ಟಿತು, ಅದರಲ್ಲಿ 411 ಅಪಾಯದಲ್ಲಿವೆ. ಅಲ್ಲಿ ತಲೆ ಎಣಿಸುವ ಮಾತಿಲ್ಲ. ಅಣಬೆ ಕಂಡ ದಿಮ್ಮಿಗಳನ್ನೋ ಮರಗಳನ್ನೋ ಎಣಿಸಿ, ಒಂದು ದಿಮ್ಮಿಯಲ್ಲಿ ಇಷ್ಟು ಜೀವಿಗಳಿರಬಹುದು ಎಂದು ಒಪ್ಪಿಕೊಂಡು ಗುಣಿಸುತ್ತಾರೆ.